ಮುಂಭಾಗದ ಫೋಟೋ ಎಲ್ಲರ ಹತ್ತಿರವೂ ಇದೆ: ಮಲ್ಲೇಶ್ವರದ ಒಂದು ಮನೆಯ ಪ್ರಕರಣ

ಮಲ್ಲೇಶ್ವರದ ಒಂದು ಕ್ರಾಸ್‌ನಲ್ಲಿ ಉತ್ತರಕ್ಕೆ ಮುಖ ಮಾಡಿದ್ದ ಹಳೇ ಮನೆ. ಮುಂದೆ ಮರದ ಪಟ್ಟಿಗಳ ಹೊದಿಕೆ ಇರುವ ಮಂಕಿ ಟಾಪ್ ಕಿಟಕಿಗಳು, ನಡುವೆ ಮದ್ರಾಸ್ ತಾರಸಿಯ (ಮರದ ಜಂತೆ, ಇಟ್ಟಿಗೆ, ಸುಣ್ಣದ ಗಾರೆಯ ಚಾವಣಿ) ಹಜಾರ, ಹಿಂದೆ ಮಂಗಳೂರು ಹೆಂಚಿನ ಅಡುಗೆಮನೆ ಮತ್ತು ಬಚ್ಚಲು, ಅದರಾಚೆ ಕನ್ಸರ್ವೆನ್ಸಿ ಲೇನ್ ಎಂಬ ಹಿಂದಿನ ಓಣಿ. ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು ಸೇರಿ ಬಿಲ್ಡರ್ ಜೊತೆ ಜಂಟಿ ಅಭಿವೃದ್ಧಿ ಒಪ್ಪಂದಕ್ಕೆ ಸಹಿ ಹಾಕಿ ಆಗಿತ್ತು. ಮುಂಗಾರಿಗೆ ಮೊದಲೇ ಒಡೆದು ಪಾಯ ತೆಗೆಯಬೇಕು ಎಂಬ ಅವಸರ. ಅಷ್ಟರೊಳಗೆ ಮನೆಯನ್ನು ಪೂರ್ತಿ ಫೋಟೋದಲ್ಲಿ ದಾಖಲು ಮಾಡಿಕೊಡಿ ಎಂದು ಹಿರಿಯ ಮಗನ ಮಗಳು ನನ್ನನ್ನು ಕೇಳಿದಳು. ಅವಳು ಆರ್ಕಿಟೆಕ್ಚರ್ ಓದುತ್ತಿದ್ದಾಳೆ. ನಾನು ಊರಿನ ಹಳೇ ಕಟ್ಟಡಗಳ ಹಿಂದೆ ಕ್ಯಾಮೆರಾ ಹಿಡಿದು ಅಲೆಯುವವನು. ಹೊಟ್ಟೆಪಾಡಿಗೆ ಬೇರೆ ಕೆಲಸ ಇದೆ.

ಕುಟುಂಬದವರು ಹೆಸರು, ಕ್ರಾಸ್ ನಂಬರು ಬೇಡ ಎಂದಿದ್ದಾರೆ, ಅವೆರಡೂ ಇಲ್ಲಿಲ್ಲ. ಮಿಕ್ಕಿದ್ದನ್ನು ಬರೆಯಲು ಒಪ್ಪಿದ್ದಾರೆ. ಬೆಂಗಳೂರಿನಲ್ಲಿ ಹಳೇ ಮನೆಗಳ ಫೋಟೋ ತೆಗೆಯುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ಬಹುಪಾಲು ಫೋಟೋಗಳು ಗೇಟಿನ ಹೊರಗೇ ನಿಂತುಬಿಡುತ್ತವೆ. ಗೇಟು ದಾಟಿ ಹಿತ್ತಲವರೆಗೆ ಹೋದರೆ ಏನೇನು ಸಿಗುತ್ತದೆ, ಯಾವುದಕ್ಕೆ ಜಗಳ ಬರುತ್ತದೆ ಎನ್ನುವುದು ಈ ಪ್ರಕರಣದಲ್ಲಿ ಚೆನ್ನಾಗಿ ಕಾಣುತ್ತದೆ.

"ಸ್ಟೇ ತಂದ್ರೆ ಏನ್ ಸಾರ್ ಮಾಡೋದು?"

ಹಿರಿಯ ಮಗನಿಗೆ ಬೇಕಿದ್ದದ್ದು ಒಂದೇ ಒಂದು ದೊಡ್ಡ ಫೋಟೋ. ಮನೆಯ ಮುಂಭಾಗ, ಬೆಳಗಿನ ಬಿಸಿಲು, ಗೇಟಿನ ಮೇಲೆ ಕಾಗದದ ಹೂವಿನ ಬಳ್ಳಿ. ಹೊಸ ಫ್ಲಾಟಿನ ಹಾಲ್‌ನಲ್ಲಿ ಫ್ರೇಮ್ ಹಾಕಿಸುವ ಆಸೆ. ಮಗಳಿಗೆ ಹಜಾರ ಬೇಕು, ತೂಗುಮಂಚ ಬೇಕು, ಬಾಣಂತನ ಆದ ಕೋಣೆ ಬೇಕು. ಕಿರಿಯ ಮಗನಿಗೆ ಯಾವುದೂ ಬೇಡ. "ನೀವು ಫೋಟೋ ತೆಗೆದು ಹೆರಿಟೇಜ್ ಅಂತ ಎಲ್ಲಾದ್ರೂ ಹಾಕಿಬಿಟ್ರೆ, ನಾಳೆ ಯಾರಾದ್ರೂ ಕೋರ್ಟಿಗೆ ಹೋಗಿ ಸ್ಟೇ ತಂದ್ರೆ ಏನ್ ಸಾರ್ ಮಾಡೋದು?" ಎಂದು ನೇರವಾಗಿಯೇ ಕೇಳಿದರು.

ಈ ಭಯ ಅವರೊಬ್ಬರದ್ದಲ್ಲ. ಹಳೇ ಮನೆ ಇರುವವರ ಹತ್ತಿರ ಕ್ಯಾಮೆರಾ ಹಿಡಿದು ಹೋದರೆ ಮೊದಲು ಬರುವುದೇ ಈ ಪ್ರಶ್ನೆ. ಉತ್ತರ ಕಷ್ಟದ್ದೇನೂ ಇಲ್ಲ. ಕೇಂದ್ರದ 1958ರ ಸ್ಮಾರಕಗಳ ಕಾಯ್ದೆಯಾಗಲಿ, ರಾಜ್ಯದ 1961ರ ಕಾಯ್ದೆಯಾಗಲಿ ಕಾಪಾಡುವುದು ಸರ್ಕಾರ ಸ್ಮಾರಕ ಎಂದು ಘೋಷಿಸಿದ ಕಟ್ಟಡಗಳನ್ನು. ಸಿಟಿ ಮಾರ್ಕೆಟ್ ಹತ್ತಿರದ ಟಿಪ್ಪು ಬೇಸಿಗೆ ಅರಮನೆ ಹಾಗೆ ಘೋಷಣೆಯಾದದ್ದು, ಅದನ್ನು ಭಾರತೀಯ ಪುರಾತತ್ವ ಇಲಾಖೆ ನೋಡಿಕೊಳ್ಳುತ್ತದೆ. ಮಲ್ಲೇಶ್ವರದ ಖಾಸಗಿ ಮನೆಗೆ ಫೋಟೋ ತೆಗೆದ ಮಾತ್ರಕ್ಕೆ ಆ ಪಟ್ಟ ಬರುವುದಿಲ್ಲ. ಇನ್ನು 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಟ್ಟಡವೊಂದರ ಫೋಟೋ ತೆಗೆಯುವುದು, ಪ್ರಕಟಿಸುವುದು ಹಕ್ಕುಸ್ವಾಮ್ಯದ ಉಲ್ಲಂಘನೆ ಅಲ್ಲ. ಅದು ಮನೆಯ ಹೊರಮೈ ಮಾತು. ಒಳಗಿನದ್ದು ಮನೆಯವರ ಇಷ್ಟ. ಅವರು ಬೇಡ ಎಂದರೆ ಬೇಡ, ಅಷ್ಟೇ.

ಬಾಯಿಮಾತಿನಲ್ಲಿ ಬಿಡದೆ ಒಂದು ಹಾಳೆಯಲ್ಲಿ ಬರೆದುಕೊಂಡೆವು. ಒಡೆಯುವ ಮೊದಲು ಯಾವ ಫೋಟೋವೂ ಹೊರಗೆ ಹೋಗುವುದಿಲ್ಲ. ಬೀಗ, ಚಿಲಕ, ತಿಜೋರಿ, ಬೆಲೆಬಾಳುವ ಸಾಮಾನು ಕಾಣುವ ಫೋಟೋ ಎಂದೂ ಹೋಗುವುದಿಲ್ಲ. ವಿಳಾಸ ಕಾಣಬಾರದು. ಈ ಮೂವರ ತಾಯಿ, ಮನೆಯ ಅಜ್ಜಿ, ಒಂದೇ ಮಾತು ಸೇರಿಸಿದರು: "ದೇವರಮನೆ ಬಾಗಿಲವರೆಗೆ ಬಾಪ್ಪ, ಒಳಗೆ ಬೇಡ." ಬಾಗಿಲುವಾಡದವರೆಗೆ ತೆಗೆದೆ. ನನ್ನ ಪ್ರಕಾರ ಈ ಹಾಳೆ ಲೆನ್ಸಿಗಿಂತ ಮುಖ್ಯ. ಕಿರಿಯ ಮಗ ಇದಕ್ಕೆ ಸಹಿ ಹಾಕಿದ ಮೇಲೆಯೇ ಕೋಣೆಗಳ ಬೀಗ ತೆರೆದದ್ದು.

ಮನೆ ಮಾರುವವರನ್ನು ಬೈಯುವ ಬರಹ ಬೇಕಾದಷ್ಟಿವೆ. ನನಗೆ ಅದರಲ್ಲಿ ಮನಸ್ಸಿಲ್ಲ. ತಾರಸಿ ಸೋರುತ್ತಿತ್ತು. ಸುಣ್ಣದ ಗಾರೆ ಗೊತ್ತಿರುವ ಮೇಸ್ತ್ರಿ ಸಿಗದೆ, ಸೋರಿದ ಕಡೆಗೆಲ್ಲ ವರ್ಷಾನುಗಟ್ಟಲೆ ಸಿಮೆಂಟ್ ಮೆತ್ತಿಸಿದ್ದರು. ಹಳೇ ಗಾರೆ ಹೀರಿಕೊಂಡ ನೀರನ್ನು ಮತ್ತೆ ಹೊರಗೆ ಬಿಡುತ್ತದೆ. ಸಿಮೆಂಟ್ ಆ ದಾರಿ ಮುಚ್ಚುತ್ತದೆ. ನೀರು ಒಳಗೇ ಕೂತು ಗೋಡೆಯೊಳಗೆ ಸಿಕ್ಕಿಸಿದ ಜಂತೆಯ ತುದಿ ಕೊಳೆಯುತ್ತದೆ. ಇಲ್ಲಿ ಆದದ್ದೂ ಅದೇ. ಮೂರು ಪಾಲು, ಒಂದು ಸೋರುವ ಮನೆ, ಎಂಬತ್ತು ದಾಟಿದ ತಾಯಿ. ನಾನಾದರೂ ಬೇರೇನು ಮಾಡುತ್ತಿದ್ದೆ, ಗೊತ್ತಿಲ್ಲ.

ಉತ್ತರದ ಗೋಡೆಗೆ ಬಿಸಿಲು

ಮಲ್ಲೇಶ್ವರದ ಮೇನ್ ರಸ್ತೆಗಳು ಹೆಚ್ಚುಕಡಿಮೆ ಉತ್ತರ ದಕ್ಷಿಣ, ಕ್ರಾಸ್‌ಗಳು ಪೂರ್ವ ಪಶ್ಚಿಮ. ಹಾಗಾಗಿ ಕ್ರಾಸ್‌ನಲ್ಲಿರುವ ಮನೆಗಳಲ್ಲಿ ಅರ್ಧದಷ್ಟು ಉತ್ತರಕ್ಕೆ ಮುಖ ಮಾಡಿರುತ್ತವೆ. ಫೋಟೋ ತೆಗೆಯುವವನಿಗೆ ಇವು ತಲೆನೋವು. ವಿಧಾನಸೌಧದ ಮುಂಭಾಗ ಪೂರ್ವಕ್ಕಿದೆ, ವರ್ಷದ ಯಾವ ದಿನ ಬೆಳಗ್ಗೆ ಹೋದರೂ ಬೆಳಕು ಸಿಗುತ್ತದೆ, ಹಿಂದೆ ಸರಿದು ನಿಲ್ಲಲು ರಸ್ತೆಯೂ ಅಗಲ ಇದೆ. ಉತ್ತರದ ಗೋಡೆಗೆ ಸೆಪ್ಟೆಂಬರ್ ಕೊನೆಯಿಂದ ಮಾರ್ಚ್‌ವರೆಗೆ ನೇರ ಬಿಸಿಲೇ ಬೀಳುವುದಿಲ್ಲ. ಎಷ್ಟು ಹೊತ್ತಿಗೆ ಹೋದರೂ ಮಂಕು ನೆರಳು, ಹಿಂದೆ ಬೆಳ್ಳಗೆ ಆಕಾಶ.

ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ 24ರ ಹೊತ್ತಿಗೆ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆ ಬರುತ್ತಾನೆ, ಆಗಸ್ಟ್ 18ರ ಹೊತ್ತಿಗೆ ಮತ್ತೊಮ್ಮೆ. ಶೂನ್ಯ ನೆರಳಿನ ದಿನ ಎಂದು ಪೇಪರಿನಲ್ಲಿ ಬರುತ್ತದಲ್ಲ, ಅದೇ. ಇವೆರಡರ ನಡುವೆ ಸೂರ್ಯ ಮಧ್ಯಾಹ್ನವೂ ನಮಗೆ ಉತ್ತರಕ್ಕೇ ಇರುತ್ತಾನೆ. ಜೂನ್ ಬಂದರೆ ಮೋಡ. ಹಾಗಾಗಿ ಉತ್ತರದ ಗೋಡೆಗೆ ಒಳ್ಳೇ ಬೆಳಕು ಸಿಗುವುದು ಏಪ್ರಿಲ್ ಕೊನೆ ಮತ್ತು ಮೇ ತಿಂಗಳ ಬೆಳಗ್ಗೆ. ಅದೂ ನೇರ ಬೆಳಕಲ್ಲ, ಗೋಡೆಯನ್ನು ಸವರಿಕೊಂಡು ಓರೆಯಾಗಿ ಹೋಗುವ ಬೆಳಕು. ಎದುರಿನಿಂದ ಬೀಳುವ ಬಿಸಿಲಿನಲ್ಲಿ ಸಪಾಟಾಗಿ ಕಾಣುವ ಗಾರೆಯ ಹೂಬಳ್ಳಿ, ಈ ಬೆಳಕಿನಲ್ಲಿ ಒಂದೊಂದು ಎಸಳೂ ನೆರಳು ಚೆಲ್ಲಿ ಎದ್ದು ಬರುತ್ತದೆ. ಒಡೆಯುವ ಅವಸರ ಬೇಸಿಗೆಯಲ್ಲೇ ಬಂದದ್ದು ಈ ಒಂದು ವಿಷಯಕ್ಕೆ ಅನುಕೂಲವಾಯಿತು.

ಮನೆಯ ನೆತ್ತಿಯಲ್ಲಿ, ಮುಂಗೋಡೆಯ ತ್ರಿಕೋನದ ನಡುವೆ, ಗಾರೆಯಲ್ಲಿ ಇಸವಿ ಬರೆದಿತ್ತು. 1, 9, 2 ಇದ್ದವು. ಕೊನೆಯ ಅಂಕಿ ಉದುರಿತ್ತು. ಬಾಯಲ್ಲಿ ಬಂದ ಕತೆ ಪ್ರಕಾರ ಮನೆ ಕಟ್ಟಿದ್ದು 1926ರಲ್ಲಿ. ಓರೆ ಬಿಸಿಲು ಬಿದ್ದಾಗ ಉದ್ದದ ಲೆನ್ಸ್ ಹಾಕಿ ಆ ಜಾಗವನ್ನಷ್ಟೇ ತೆಗೆದೆ. ಅಂಕಿ ಅಂಟಿಕೊಂಡಿದ್ದ ಕಡೆ ಗಾರೆ ಒರಟಾಗಿ ಉಳಿದಿತ್ತು. ಕೆಳಗಡೆ ದುಂಡಗಿನ ಸುತ್ತು ಸ್ಪಷ್ಟ. ಮೇಲಿನ ಅರ್ಧದಲ್ಲಿ ಏನೂ ತಿಳಿಯುವ ಹಾಗಿರಲಿಲ್ಲ. 6 ಆಗಿರಬಹುದು, 8 ಕೂಡ ಆಗಿರಬಹುದು. ಮೊಮ್ಮಗಳು 1926 ಎಂದೇ ಬರೆಯೋಣ ಅಂದಳು. ನಾನು ಒಪ್ಪಲಿಲ್ಲ. ಫೋಟೋದ ಅಡಿಬರಹದಲ್ಲಿ "192_, ಕೊನೆಯ ಅಂಕಿ 6 ಅಥವಾ 8, ಮನೆಯವರ ಹೇಳಿಕೆ 1926" ಎಂದು ಹಾಕಿದೆವು. ಅಜ್ಜಿಗೆ ಇದು ಬೇಸರ. "ನಮ್ಮ ಮಾವನೋರು ಸುಳ್ಳು ಹೇಳ್ತಾರಾ?" ಎಂದರು.

ಮುಂಭಾಗ ಪೂರ್ತಿ ತೆಗೆಯಲು ರಸ್ತೆಯಲ್ಲಿ ನಿಂತರೆ ಆಗುತ್ತಿರಲಿಲ್ಲ. ರಸ್ತೆ ಅಷ್ಟು ಅಗಲ ಇಲ್ಲ, ಎರಡೂ ಕಡೆ ಕಾರು, ನಡುವೆ ಹೊಂಗೆ ಮರ. ಕೆಳಗೆ ನಿಂತು ಕ್ಯಾಮೆರಾ ಮೇಲಕ್ಕೆತ್ತಿದರೆ ಗೋಡೆಗಳು ಹಿಂದಕ್ಕೆ ವಾಲುತ್ತವೆ, ಮೇಲೆ ಹೋದಷ್ಟೂ ಒಂದಕ್ಕೊಂದು ಹತ್ತಿರವಾಗುತ್ತವೆ. ಆಮೇಲೆ ಕಂಪ್ಯೂಟರಿನಲ್ಲಿ ಎಳೆದು ನೆಟ್ಟಗೆ ಮಾಡಬಹುದು, ಆದರೆ ಅಳತೆ ಕೆಡುತ್ತದೆ. ಎದುರಿನ ಅಪಾರ್ಟ್‌ಮೆಂಟಿನ ಮೊದಲ ಮಹಡಿಯವರನ್ನು ಕೇಳಿ ಅವರ ಬಾಲ್ಕನಿಯಲ್ಲಿ ನಿಂತೆ. ಮನೆಯ ಅರ್ಧ ಎತ್ತರಕ್ಕೆ ಕ್ಯಾಮೆರಾ ಬಂತು, ಮೇಲೂ ಎತ್ತಬೇಕಿಲ್ಲ, ಕೆಳಗೂ ಬಗ್ಗಿಸಬೇಕಿಲ್ಲ. ಎಲ್ಲ ಗೆರೆಗಳೂ ನೆಟ್ಟಗೆ ನಿಂತವು. ಎಡದಿಂದ ಬಲಕ್ಕೆ ಒಂದರ ಮೇಲೊಂದು ಬರುವ ಹಾಗೆ ತುಂಡು ತುಂಡಾಗಿ ತೆಗೆದು ಜೋಡಿಸಿದರೆ ಒಂದೇ ಅಗಲದ ಚಿತ್ರ. ಬಾಲ್ಕನಿಯವರು ಕಾಫಿಯನ್ನೂ ಕೊಟ್ಟರು.

ಕರೆಂಟು, ಕೇಬಲ್, ಇಂಟರ್‌ನೆಟ್ ತಂತಿಗಳು ಮಂಕಿ ಟಾಪ್ ಮುಂದೆಯೇ ಹಾದಿದ್ದವು. ಅಳಿಸಿಬಿಡಿ ಎಂದು ಹಿರಿಯ ಮಗ ಕೇಳಿದರು. ಫ್ರೇಮಿಗೆ ಹೋಗುವ ಪ್ರತಿಯಲ್ಲಿ ಅಳಿಸಿಕೊಟ್ಟೆ. ದಾಖಲೆಯ ಪ್ರತಿಯಲ್ಲಿ ಮುಟ್ಟಲಿಲ್ಲ. ಒಂದು ಸಲ ತಂತಿ ಅಳಿಸಲು ಶುರು ಮಾಡಿದರೆ ಗೋಡೆಯ ಬಿರುಕು, ಮಳೆ ನೀರಿನ ಕಲೆ, ಕೊನೆಗೆ ಹೊಸ ಗ್ರಿಲ್ ಎಲ್ಲವನ್ನೂ ಅಳಿಸಬೇಕು ಅನಿಸುತ್ತದೆ.

ಮಂಕಿ ಟಾಪ್ ಬಗ್ಗೆ ಒಂದು ಮಾತು. ಮರದ ಸಣ್ಣ ಪಟ್ಟಿಗಳನ್ನು ಉದ್ದಕ್ಕೆ ಜೋಡಿಸಿ, ಮೇಲೆ ಪುಟ್ಟ ಇಳಿಜಾರು ಚಾವಣಿ ಕೊಟ್ಟ ಕಿಟಕಿಯ ಹೊದಿಕೆ ಅದು. ಬೆಂಗಳೂರಿನ ಬಂಗಲೆಗಳ ಗುರುತೇ ಅದು. ಎಲ್ಲರೂ ಹೊರಗಿನಿಂದ ತೆಗೆಯುತ್ತಾರೆ. ಕೆಲಸ ಗೊತ್ತಾಗಬೇಕಾದರೆ ಕೋಣೆಯೊಳಗೆ ನಿಂತು ತೆಗೆಯಬೇಕು. ಮಳೆಯ ಎರಚಲು ಒಳಗೆ ಬರುವುದಿಲ್ಲ, ಗಾಳಿ ಬರುತ್ತದೆ, ಬೀದಿಯವರಿಗೆ ಒಳಗಿನವರು ಕಾಣುವುದಿಲ್ಲ, ಒಳಗಿನವರಿಗೆ ಬೀದಿ ಪೂರ್ತಿ ಕಾಣುತ್ತದೆ. ಅಜ್ಜಿ ಕೂತು ಅಕ್ಕಿ ಆರಿಸುತ್ತಿದ್ದ ಜಾಗದಿಂದ, ಅವರ ಕಣ್ಣಿನ ಎತ್ತರಕ್ಕೆ ಟ್ರೈಪಾಡ್ ಇಳಿಸಿ ತೆಗೆದ ಫೋಟೋ ಈ ಸರಣಿಯಲ್ಲಿ ನನಗೆ ಇಷ್ಟವಾದದ್ದು.

ಒಳಗೆ

ಹಜಾರ ಕತ್ತಲು. ಬೆಳಕು ಬರುವುದು ಮೇಲಿನ ಬೆಳಕಿಂಡಿಗಳಿಂದ ಮಾತ್ರ. ಟ್ಯೂಬ್‌ಲೈಟು, ಎಲ್‌ಇಡಿ ಎಲ್ಲ ಆರಿಸಿಬಿಟ್ಟೆ. ಹಗಲಿನ ಬೆಳಕು, ದೀಪದ ಬೆಳಕು ಎರಡೂ ಬೆರೆತರೆ ಕೆಂಪು ನೆಲದ ಬಣ್ಣ ಒಂದು ಕಡೆ ಕಿತ್ತಳೆ, ಇನ್ನೊಂದು ಕಡೆ ನೀಲಿಗೆಂಪು ಆಗಿ ಕೂರುತ್ತದೆ. ಟ್ರೈಪಾಡ್ ಇಟ್ಟು, ಒಂದೇ ಜಾಗದಿಂದ ಕಡಿಮೆ, ಮಧ್ಯಮ, ಜಾಸ್ತಿ ಎಂದು ಬೇರೆ ಬೇರೆ ಬೆಳಕಿನ ಅಳತೆಯಲ್ಲಿ ತೆಗೆದರೆ ಸಾಕು. ಮೊದಲ ಚಿತ್ರದಲ್ಲಿ ಬೂದು ಬಣ್ಣದ ಕಾರ್ಡ್ ಇಟ್ಟರೆ ಆಮೇಲೆ ಬಣ್ಣ ಸರಿ ಮಾಡಲು ಸುಲಭ.

ನೆಲ ಕೆಂಪು ಗಾರೆಯದು, ಸುತ್ತ ಕಪ್ಪು ಅಂಚು. ತಿಜೋರಿ ಸರಿಸಿದಾಗ ಅದರಡಿ ಚೌಕಾಕಾರದ ಗಾಢ ಕೆಂಪು ಕಂಡಿತು. ಕಟ್ಟಿದಾಗ ಇಡೀ ಹಜಾರ ಆ ಬಣ್ಣ ಇದ್ದಿರಬೇಕು. ಮಿಕ್ಕ ನೆಲ ಓಡಾಡಿ, ಒರೆಸಿ ತಿಳಿಯಾಗಿತ್ತು. ಅಡುಗೆಮನೆಯಿಂದ ದೇವರಮನೆಗೆ ಹೋಗುವ ದಾರಿ ಮಾತ್ರ ಎಲ್ಲಕ್ಕಿಂತ ಹೆಚ್ಚು ಸವೆದು, ತಗ್ಗಾಗಿ, ಹೊಳೆಯುತ್ತಿತ್ತು. ಕ್ಯಾಮೆರಾವನ್ನು ನೆಲಕ್ಕೆ ತಾಗಿಸಿ ಬಾಗಿಲ ಬೆಳಕಿಗೆ ಎದುರಾಗಿ ಇಟ್ಟರೆ ಆ ದಾರಿ ಗೆರೆ ಎಳೆದಷ್ಟು ಸ್ಪಷ್ಟ.

ಗೋಡೆಯ ಮೇಲೆ ಹಳೇ ವೈರಿಂಗ್ ಇತ್ತು. ಮರದ ಪಟ್ಟಿಯೊಳಗೆ ತಂತಿ, ಪಿಂಗಾಣಿ ಬಿಲ್ಲೆ, ದುಂಡಗಿನ ಕಪ್ಪು ಸ್ವಿಚ್ಚು. ಶಿವನಸಮುದ್ರದ ಕರೆಂಟು ಬೆಂಗಳೂರಿಗೆ ಬಂದದ್ದು 1905ರಲ್ಲಿ. ಮನೆ ಕಟ್ಟುವ ಹೊತ್ತಿಗೆ ಊರಿನಲ್ಲಿ ದೀಪ ಇತ್ತು. ಆದರೂ ಗೋಡೆಯಲ್ಲಿ ಎಣ್ಣೆ ದೀಪಕ್ಕೆ ಗೂಡು ಬಿಟ್ಟಿದ್ದರು, ಗೂಡಿನ ಮೇಲೆ ಮಸಿಯೂ ಇತ್ತು. ಗೂಡು, ಸ್ವಿಚ್ಚು ಎರಡೂ ಒಂದೇ ಚೌಕಟ್ಟಿನಲ್ಲಿ ಬರುವ ಹಾಗೆ ತೆಗೆದೆ.

ಪ್ರತಿ ಕೋಣೆಗೂ ಒಂದು ಕ್ರಮ ಇಟ್ಟುಕೊಂಡಿದ್ದೆ: ನಾಲ್ಕು ಗೋಡೆ, ನೆಲ, ಚಾವಣಿ, ಆಮೇಲೆ ಬಾಗಿಲು, ಕಿಟಕಿ. ಚೆಂದ ಇದೆಯೋ ಇಲ್ಲವೋ, ತೆಗೆಯುವುದು. ಮೊಮ್ಮಗಳು ನಕ್ಷೆಯಲ್ಲಿ ಕ್ಯಾಮೆರಾ ನಿಂತ ಜಾಗಕ್ಕೆ ನಂಬರು, ನೋಡುತ್ತಿದ್ದ ದಿಕ್ಕಿಗೆ ಬಾಣ ಹಾಕುತ್ತಾ ಬಂದಳು. ಬೇಜಾರಿನ ಕೆಲಸ, ನಿಜ. ಕಟ್ಟಡವೇ ಇಲ್ಲದಾದ ಮೇಲೆ ಯಾವ ಗೋಡೆ ಯಾವ ಕೋಣೆಯದು ಎಂದು ಹೇಳಲು ಬೇರೆ ದಾರಿಯೂ ಇಲ್ಲ.

ಹಿಂದಿನ ಗೋಡೆ

1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರಗೆ ತರಬೇಕು ಎಂದು ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದವು. ಅಗಲ ರಸ್ತೆ, ಮನೆ ಸುತ್ತ ಖಾಲಿ ಜಾಗ, ಗಾಳಿ ಬೆಳಕು. ಇದನ್ನು ಎಲ್ಲರೂ ಹೇಳುತ್ತಾರೆ. ಮನೆಗಳ ಬೆನ್ನಿಗೆ ಬೆನ್ನು ಸೇರುವ ಕಡೆ ಒಂದು ಕಿರಿದಾದ ಓಣಿ ಬಿಟ್ಟಿದ್ದರು. ಅದೇ ಕನ್ಸರ್ವೆನ್ಸಿ ಲೇನ್. ಒಳಚರಂಡಿ ಇಲ್ಲದ ಕಾಲದಲ್ಲಿ ಹಿತ್ತಲ ಕಕ್ಕಸಿನ ಮಲವನ್ನು ಹೊತ್ತುಕೊಂಡು ಹೋಗುವ ಕೆಲಸಗಾರರು ಓಡಾಡಲು ಮಾಡಿದ ದಾರಿ. ಅವರು ಮುಂದಿನ ರಸ್ತೆಗೆ ಬರುವ ಹಾಗಿರಲಿಲ್ಲ.

ಈ ಮನೆಯ ಹಿಂಗೋಡೆಯಲ್ಲಿ, ನೆಲಕ್ಕೆ ತಾಗಿದಂತೆ, ಒಂದು ಪುಟ್ಟ ಬಾಗಿಲಿನ ಗುರುತು ಇತ್ತು. ಇಟ್ಟಿಗೆಯಿಂದ ಮುಚ್ಚಿ ಗಾರೆ ಬಳಿದಿದ್ದರು. ಆದರೆ ಮೇಲೆ ಅಡ್ಡ ಇಟ್ಟ ಕಲ್ಲು ಹಾಗೇ ಇತ್ತು, ಪಕ್ಕದಲ್ಲಿ ತುಕ್ಕು ಹಿಡಿದ ಕಬ್ಬಿಣದ ಗೂಟವೂ ಇತ್ತು. ಅಳತೆ ಟೇಪು ಹಿಡಿದರೆ ಎತ್ತರ ಎರಡು ಅಡಿ ಕೂಡ ಇಲ್ಲ. ಆ ಕಡೆಯಿಂದ ಒಬ್ಬರು ಕೂತು, ಕೈ ಒಳಗೆ ಹಾಕಿ, ತುಂಬಿದ್ದನ್ನು ಹೊರಗೆಳೆಯಬೇಕು.

ನಾನು ಟೇಪು ಗೋಡೆಗೆ ಅಂಟಿಸಿ ಫೋಟೋ ತೆಗೆಯುತ್ತಿದ್ದಾಗ ಅಜ್ಜಿ ಹಿತ್ತಲ ಮೆಟ್ಟಿಲ ಮೇಲೆ ಬಂದು ನಿಂತರು.

"ಅದನ್ಯಾಕಪ್ಪ ತೆಗೀತೀಯ?"

"ಮನೆಯದೇ ಅಲ್ವಾ ಅಜ್ಜಿ."

ಸ್ವಲ್ಪ ಹೊತ್ತು ಸುಮ್ಮನಿದ್ದು, ತಾವೇ ಹೇಳಿದರು. ಮದುವೆಯಾಗಿ ಬಂದಾಗ ಅದು ಬಳಕೆಯಲ್ಲಿತ್ತು. "ನಾವು ಏಳೋಕ್ಕೆ ಮುಂಚೇನೇ ಬಂದು ಹೋಗ್ತಿದ್ಲು. ಹಬ್ಬಕ್ಕೆ ಏನಾದ್ರೂ ಇಟ್ರೆ ಗೋಡೆ ಮೇಲಿಂದ ತಗೊಂಡು ಹೋಗ್ತಿದ್ಲು. ಮುಖ ನೋಡಿದ ನೆನಪಿಲ್ಲ. ಹೆಸರೂ ಕೇಳ್ಲಿಲ್ಲ."

ದೇವರಾಜ ಅರಸು ಸರ್ಕಾರದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪ 1970ರ ದಶಕದಲ್ಲಿ ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ಸಂಸತ್ತಿನ ಕಾನೂನು ಬಂದದ್ದು 1993ರಲ್ಲಿ, ಇನ್ನಷ್ಟು ಬಿಗಿಯಾದದ್ದು 2013ರಲ್ಲಿ. ಮಲ್ಲೇಶ್ವರದ ಕೆಲವು ಕನ್ಸರ್ವೆನ್ಸಿ ಲೇನ್‌ಗಳಲ್ಲಿ ಈಗ ಗೋಡೆ ತುಂಬ ಬಣ್ಣದ ಚಿತ್ರ ಬರೆದಿದ್ದಾರೆ. ಜನ ಅಲ್ಲಿ ಹೋಗಿ ಸೆಲ್ಫಿ ತೆಗೆದುಕೊಳ್ಳುತ್ತಾರೆ. ಓಣಿ ಯಾಕೆ ಹುಟ್ಟಿತು ಎನ್ನುವುದು ಬಣ್ಣದ ಕೆಳಗೆ ಹೋಗಿದೆ.

ಮಲ್ಲೇಶ್ವರದ ಹಳೇ ಮನೆಗಳ ಫೋಟೋ ಎಷ್ಟೋ ನೋಡಿದ್ದೇನೆ. ಹಿಂದಿನ ಗೋಡೆ ಇರುವ ಫೋಟೋ ಸಿಗುವುದು ಅಪರೂಪ. ನನ್ನ ಪ್ರಕಾರ ಆ ಎರಡಡಿ ಬಾಗಿಲಿಲ್ಲದೆ ಮಂಕಿ ಟಾಪ್ ಅರ್ಥವಾಗುವುದಿಲ್ಲ. ಬಡಾವಣೆಯ ನಕ್ಷೆ ಹಾಕಿದವರು ಮುಂದಿನ ರಸ್ತೆ, ಹಿಂದಿನ ಓಣಿ ಎರಡನ್ನೂ ಒಟ್ಟಿಗೇ ಗೆರೆ ಎಳೆದರು. ಮುಂದಿನ ರಸ್ತೆ ಅಷ್ಟು ಚೊಕ್ಕಟವಾಗಿ ಇದ್ದದ್ದು ಹಿಂದಿನ ಓಣಿ ಇದ್ದದ್ದರಿಂದ.

ಕಿರಿಯ ಮಗ ಕಂಪ್ಯೂಟರಿನಲ್ಲಿ ಫೋಟೋ ನೋಡಿ ಸಿಟ್ಟಾದರು. "ಇದನ್ನೂ ಹೆರಿಟೇಜ್ ಅಂತೀರಾ? ನಮ್ಮ ಮನೆ ಮರ್ಯಾದೆ ಏನಾಗ್ಬೇಕು?" ಮಗಳು ಅವರ ಕಡೆ. ಹಿರಿಯ ಮಗ ಏನೂ ಹೇಳಲಿಲ್ಲ. ಮೊಮ್ಮಗಳು ನನ್ನ ಕಡೆ, ಆದರೆ ಚಿಕ್ಕಪ್ಪನ ಎದುರು ಎಷ್ಟು ಮಾತಾಡಲು ಸಾಧ್ಯ? ಆ ದಿನ ತೀರ್ಮಾನ ಆಗಲಿಲ್ಲ.

ಒಡೆಯುವಾಗ

ನಾನು ಹೆಚ್ಚು ಕಲಿತದ್ದು ಮನೆ ನಿಂತಿದ್ದಾಗ ಅಲ್ಲ, ಬೀಳುವಾಗ. ಹಳೇ ಮನೆಗೆ ನೇರವಾಗಿ ಜೆಸಿಬಿ ನುಗ್ಗಿಸುವುದಿಲ್ಲ. ತೇಗದ ಬಾಗಿಲು, ಬಾಗಿಲುವಾಡ, ಕಿಟಕಿ, ತೊಲೆ, ಜಂತೆ ಎಲ್ಲಕ್ಕೂ ಬೆಲೆ ಇದೆ. ಒಡೆಯುವ ಕಂಟ್ರಾಕ್ಟರ್ ಅದನ್ನು ಲೆಕ್ಕ ಹಾಕಿಯೇ ಕೆಲಸ ಹಿಡಿದಿರುತ್ತಾನೆ. ಮೊದಲು ಹೆಂಚು ಇಳಿಸುತ್ತಾರೆ, ಆಮೇಲೆ ಮರ ಬಿಚ್ಚುತ್ತಾರೆ, ಗೋಡೆಗೆ ಮಾತ್ರ ಯಂತ್ರ. ಹೇಗೆ ಕಟ್ಟಿದ್ದರೋ ಅದರ ತಿರುಗುಮುರುಗು. ಅಂಗಳದ ಮೂಲೆಯಲ್ಲಿ ಒಂದು ಜಾಗಕ್ಕೆ ಬಣ್ಣದ ಗುರುತು ಹಾಕಿ, ಪ್ರತಿ ಹಂತದಲ್ಲೂ ಅಲ್ಲೇ ನಿಂತು, ಅದೇ ಎತ್ತರ, ಅದೇ ಲೆನ್ಸಿನಲ್ಲಿ ತೆಗೆಯುತ್ತಾ ಹೋದೆ. ಕಂಟ್ರಾಕ್ಟರ್ ಹಾಕಿದ ಷರತ್ತು ಎರಡೇ: ತಲೆಗೆ ಹೆಲ್ಮೆಟ್ ಬೇಕು, ತಾರಸಿ ಹತ್ತಬಾರದು.

ಅಡುಗೆಮನೆಯ ಹೆಂಚುಗಳನ್ನು ಇಳಿಸಿ ಕವುಚಿ ಇಟ್ಟಾಗ ಬೆನ್ನಿನ ಮೇಲಿನ ಮುದ್ರೆ ಕಂಡಿತು. ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನವರು ಹೆಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಅವರ ಹೆಂಚಿನ ಮೇಲೆ ಆ ಇಸವಿ ಒತ್ತಿರುತ್ತಾರೆ. ಅದನ್ನು ನೋಡಿ ತಮ್ಮ ಮನೆಯೇ 1865ರದು ಎಂದುಕೊಂಡವರನ್ನು ನಾನು ಕಂಡಿದ್ದೇನೆ. ಅದು ಕಾರ್ಖಾನೆಯ ಇಸವಿ, ಮನೆಯದಲ್ಲ. ಮೊದಲ ಮಹಾಯುದ್ಧದ ನಂತರ ಆ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋದವು. ಇಲ್ಲಿ ಸಿಕ್ಕಿದ್ದರಲ್ಲಿ ಕಾಮನ್‌ವೆಲ್ತ್ ಮುದ್ರೆಯೇ ಜಾಸ್ತಿ. 192ರ ಮುಂದಿನ ಅಂಕಿ ಯಾವುದಾದರೂ ಅದಕ್ಕೆ ಹೊಂದುತ್ತದೆ. ಆದರೆ ಹೆಂಚಿನಿಂದ ಗೋಡೆಯ ವಯಸ್ಸು ಹೇಳಲು ಹೋಗಬಾರದು. ಮಲ್ಲೇಶ್ವರದ ಕೋತಿಗಳ ಕಾಟ ಗೊತ್ತಲ್ಲ, ಹೆಂಚು ಒಡೆಯುತ್ತಲೇ ಇರುತ್ತದೆ, ಬದಲಾಯಿಸುತ್ತಲೇ ಇರಬೇಕು. ಮುದ್ರೆಗಳನ್ನು ಓರೆಯಾಗಿ ಟಾರ್ಚ್ ಹಿಡಿದು ಒಂದೊಂದಾಗಿ ತೆಗೆದೆ.

ಕೊನೆಗೆ ಉಳಿದದ್ದು ಹಜಾರದ ತಾರಸಿ. ಇದರ ಅಡ್ಡಸೀಳು ಬೇಕು ಎಂದು ಮೊದಲೇ ಕಂಟ್ರಾಕ್ಟರ್ ಹತ್ತಿರ ಕೇಳಿಕೊಂಡಿದ್ದೆ. ಅರ್ಧ ಒಡೆದು, ಒಂದು ಅಂಚನ್ನು ನೆಟ್ಟಗೆ ಕತ್ತರಿಸಿ, ಸಂಜೆವರೆಗೆ ಹಾಗೇ ಬಿಟ್ಟುಕೊಟ್ಟರು. ಒಡೆಯುತ್ತಿದ್ದವರು ಬಾಗಲಕೋಟೆ ಕಡೆಯವರು. ಒಬ್ಬರು ಸುತ್ತಿಗೆ ಕೆಳಗಿಟ್ಟು ಕೈ ಕೊಡವಿಕೊಂಡು ಹೇಳಿದರು: "ಗಾರಿ ಅಲ್ರೀ ಸರ ಇದು, ಕಬ್ಬಿಣ ಆಗೇತಿ. ಆರ್‌ಸಿಸಿ ಆದ್ರ ಇಷ್ಟೊತ್ತಿಗೆ ಮುಗೀತಿತ್ತು."

ಅಂಚಿನಲ್ಲಿ ಪದರಗಳೆಲ್ಲ ಓದುವ ಹಾಗಿದ್ದವು. ಎಲ್ಲಕ್ಕಿಂತ ಕೆಳಗೆ ತೇಗದ ಜಂತೆಗಳು, ಸುಮಾರು ಒಂದೂವರೆ ಅಡಿಗೆ ಒಂದು. ಅವುಗಳ ಮೇಲೆ ಚಿಕ್ಕ, ತೆಳು ಇಟ್ಟಿಗೆಗಳು. ಮಲಗಿಸಿರಲಿಲ್ಲ, ಅಂಚಿನ ಮೇಲೆ ನಿಲ್ಲಿಸಿದ್ದರು, ಅದೂ ಜಂತೆಗೆ ಓರೆಯಾಗಿ, ಮೂಲೆಯಿಂದ ಮೂಲೆಗೆ. ಒಂದು ಸಾಲು ಇನ್ನೊಂದಕ್ಕೆ ಗಾರೆಯಿಂದ ಅಂಟಿ ನಿಲ್ಲುತ್ತದೆ. ಆದ್ದರಿಂದ ಕೆಳಗೆ ಹಲಗೆ, ಗೂಟ, ಸೆಂಟ್ರಿಂಗ್ ಏನೂ ಬೇಡ. ಅದರ ಮೇಲೆ ಇಟ್ಟಿಗೆ ಚೂರು, ಸುಣ್ಣ ಬೆರೆಸಿದ ಕಾಂಕ್ರೀಟು, ಸುಮಾರು ನಾಲ್ಕು ಇಂಚು. ಬೆಲ್ಲ, ಅಳಲೆಕಾಯಿ ನೆನೆಸಿದ ನೀರು ಚಿಮುಕಿಸುತ್ತಾ, ಮರದ ಬಡಿಗೆಯಿಂದ ದಿನಗಟ್ಟಲೆ ಬಡಿದು ಗಟ್ಟಿ ಮಾಡುತ್ತಿದ್ದದ್ದು ಈ ಪದರವನ್ನೇ. ಎಲ್ಲಕ್ಕಿಂತ ಮೇಲೆ ಚಪ್ಪಟೆ ಬಿಲ್ಲೆ. ಒಟ್ಟು ದಪ್ಪ ಒಂಬತ್ತು ಇಂಚಿನ ಹತ್ತಿರ. ಅದರ ಮೇಲೆ ಬೂದು ಬಣ್ಣದ ಸಿಮೆಂಟು, ಎರಡು ಮೂರು ಸಲ ಮೆತ್ತಿದ್ದು. ಗೋಡೆಯ ಕಡೆಗೆ ಸಿಮೆಂಟಿನಡಿ ಜಂತೆಯ ತುದಿ ಬೆರಳಿಟ್ಟರೆ ಪುಡಿಯಾಗುತ್ತಿತ್ತು. ಮೂರಡಿ ಈಚೆಗೆ ಅದೇ ಜಂತೆಯ ಮೇಲೆ ಬಡಗಿಯ ಬಾಚಿಯ ಗುರುತು ಇನ್ನೂ ಹರಿತವಾಗಿತ್ತು.

ಟೇಪು ಇಟ್ಟು ಒಂದು ಪೂರ್ತಿ ಚಿತ್ರ, ಪ್ರತಿ ಪದರಕ್ಕೂ ಹತ್ತಿರದ ಚಿತ್ರ. ಬಳಿಕ ಸ್ವಲ್ಪ ಸ್ವಲ್ಪವೇ ಸರಿಯುತ್ತಾ, ಒಂದು ಚಿತ್ರದ ಮುಕ್ಕಾಲು ಭಾಗ ಮುಂದಿನದರಲ್ಲೂ ಬರುವ ಹಾಗೆ ತೆಗೆದೆವು. ಹಾಗೆ ತೆಗೆದರೆ ಕಂಪ್ಯೂಟರಿನಲ್ಲಿ ತ್ರಿಡಿ ಮಾದರಿ ಮಾಡಬಹುದು. ಮಿಥಿಕ್ ಸೊಸೈಟಿ ಎಂಬ ಇತಿಹಾಸ ಸಂಸ್ಥೆಯವರು ಬೆಂಗಳೂರಿನ ಶಾಸನ ಕಲ್ಲುಗಳನ್ನು ತ್ರಿಡಿ ಸ್ಕ್ಯಾನ್ ಮಾಡಿ ಉಳಿಸುತ್ತಿದ್ದಾರೆ. ಅವರ ಬಳಿ ಇರುವಂಥ ಯಂತ್ರ ನಮ್ಮ ಹತ್ತಿರ ಇಲ್ಲ. ಮೊಮ್ಮಗಳು ಫೋನಿನಲ್ಲೇ ಮಾಡಿದಳು, ತಕ್ಕಮಟ್ಟಿಗೆ ಬಂತು. ಒಂದು ಮೂಲೆಯಲ್ಲಿ ಬಿಸಿಲು ಸರಿದು ಪದರಗಳು ಕಲಸಿಹೋಗಿವೆ.

ಈಗ ಎಲ್ಲಿದೆ

ಹಿರಿಯ ಮಗನ ಫ್ರೇಮು ಬಾಡಿಗೆ ಮನೆಯ ಗೋಡೆಯ ಮೇಲೆ ತೂಗುತ್ತಿದೆ, ತಂತಿಗಳಿಲ್ಲದೆ, ಹೂವಿನ ಬಳ್ಳಿಯೊಂದಿಗೆ. ಅದು ಚೆನ್ನಾಗಿಯೇ ಇದೆ. ಮಗಳು ಕೋಣೆಯ ಫೋಟೋ ನೋಡಿ ಅತ್ತರಂತೆ. ಅಜ್ಜಿಗೆ ಆಲ್ಬಂ ತೋರಿಸಿದಾಗ ಬಂದದ್ದು ದೂರು: "ಅಡುಗೆಮನೆ ಗೋಡೆ ಇಷ್ಟೊಂದು ಕಪ್ಪಾಗಿತ್ತಾ? ಒಂದು ಸಲ ಸುಣ್ಣ ಹೊಡೆಸಿ ತೆಗೀಬಾರ್ದಿತ್ತಾ?" ಮೊಮ್ಮಗಳು ತಾರಸಿಯ ಅಡ್ಡಸೀಳಿನ ಅಳತೆ ನಕ್ಷೆ ಬರೆದು ಕಾಲೇಜಿಗೆ ಕೊಟ್ಟಿದ್ದಾಳೆ. ನಾಲ್ಕು ಇಂಚಿನ ಕಾಂಕ್ರೀಟು ಸುಳ್ಳಿರಬೇಕು ಎಂದ ಮೇಷ್ಟ್ರಿಗೆ ಟೇಪು ಕಾಣುವ ಫೋಟೋ ತೋರಿಸಿದಳಂತೆ.

ಬಿಲ್ಡರ್ ಕಡೆಯವರು ಹೊಸ ಕಟ್ಟಡದ ಲಾಬಿಗೆ ಹಳೇ ಮನೆಯ ಫೋಟೋ ಕೇಳಿದ್ದಾರೆ. ಮುಂಭಾಗದ್ದು ಸಾಕಂತೆ. ಕೊಡಬಹುದು, ಆದರೆ ಪಕ್ಕದಲ್ಲಿ ತಾರಸಿಯ ಅಡ್ಡಸೀಳಿನ ಫೋಟೋ ಕೂಡ ಹಾಕಬೇಕು ಎಂದು ಮೊಮ್ಮಗಳು ಹಠ ಹಿಡಿದಿದ್ದಾಳೆ. ಅವರು ಯೋಚಿಸಿ ಹೇಳುತ್ತೇವೆ ಎಂದಿದ್ದಾರೆ.

ಹಿಂಗೋಡೆಯ ಪುಟ್ಟ ಬಾಗಿಲಿನ ವಿಷಯ ಅಜ್ಜಿಯೇ ಬಗೆಹರಿಸಿದರು, ಒಂದು ಮಟ್ಟಿಗೆ. ಮನೆಯ ಆಲ್ಬಮಿನಲ್ಲಿ ಬೇಡ ಎಂದ ಕಿರಿಯ ಮಗನ ಮಾತು ನಡೆಯಿತು. ಪೂರ್ತಿ ದಾಖಲೆಯ ಸೆಟ್ಟಿನಲ್ಲಿ ಅದು ಇರಲಿ, ಅಡಿಬರಹದಲ್ಲಿ ತಾವು ಹೇಳಿದ್ದನ್ನೂ ಹಾಕಲಿ ಎಂದರು. ಹಾಗಾಗಿ ಆ ಫೋಟೋದ ಕೆಳಗೆ ಅಳತೆ, ದಿಕ್ಕು, ತೆಗೆದ ದಿನಾಂಕದ ಜೊತೆಗೆ "ಬೆಳಗಿನ ಜಾವ ಬರುತ್ತಿದ್ದ ಹೆಂಗಸಿನ ಹೆಸರು ಮನೆಯವರಿಗೆ ತಿಳಿದಿಲ್ಲ" ಎಂದು ಇದೆ. ಆ ಸೆಟ್ಟು ಮೊಮ್ಮಗಳ ಹತ್ತಿರ ಒಂದು, ನನ್ನ ಹತ್ತಿರ ಒಂದು, ಬ್ಯಾಂಕ್ ಲಾಕರಿನ ಹಾರ್ಡ್ ಡಿಸ್ಕಿನಲ್ಲಿ ಒಂದು. ಯಾವುದಾದರೂ ಸಂಸ್ಥೆಗೆ ಕೊಡಬೇಕೋ ಬೇಡವೋ ಎಂದು ಮೂವರು ಮಕ್ಕಳು ಇನ್ನೂ ಮಾತಾಡಿಕೊಳ್ಳುತ್ತಿದ್ದಾರೆ.